ಸದರಿ ಡಬ್ಬಿಯೊಳಗೆ ಬಂದದ್ದು

ಮೂರು ತಿಂಗಳು ನಾನು ಬೇರೆಯವರ ಮನೆಯ ಊಟ ಉಂಡೆ. ಪರಸ್ಥಳದಲ್ಲಲ್ಲ. ಸ್ವಂತ ಮನೆಯ ಪಡಸಾಲೆಯಲ್ಲಿ, ಸ್ವಂತ ಹೆಂಡತಿಯ ಎದುರಿಗೆ ಕೂತು. ಅದರ ದಣಿವು ಇನ್ನೂ ಇಳಿದಿಲ್ಲ. ಉಂಡು ದಣಿಯುವುದು ಹೇಗೆ ಅಂತ ಕೇಳುವವರಿಗೆ ಹೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಬಾಂಡ್ ರೈಟರ್. ಮುಂಡರಗಿಯಲ್ಲಿ ಶುರು ಮಾಡಿ, ಶಿರಹಟ್ಟಿಯಲ್ಲಿ ಕೆಲವು ವರ್ಷ ಕೂತು, ಲಕ್ಷ್ಮೇಶ್ವರದಲ್ಲಿ ಬೆನ್ನು ಬಾಗುವವರೆಗೆ ಜನರ ಹೊಲ-ಮನೆಗಳ ಖರೀದಿ ಪತ್ರ ಬರೆದು, ಕೊನೆಗೆ ಬೆಟಗೇರಿಗೆ ಬಂದು ಮನೆ ಮಾಡಿದವನು. ಕೂತು ಮಾಡುವ ಕೆಲಸ. ಪತ್ರ ಬರೆಯುವ ಮೊದಲು ಚಹಾ, ಬರೆದ ಮೇಲೆ ಚಹಾ, ನೋಂದಣಿ ಆಯಿತೆಂದರೆ ಪೇಢೆ. ಹೊಲ ಮಾರಿದವನಿಗೆ ಅವತ್ತು ಪೇಢೆ ಗಂಟಲಲ್ಲಿ ಇಳಿಯುವುದಿಲ್ಲ. ಅವನ ಪಾಲೂ ನನ್ನ ಮೇಜಿಗೇ ಬರುತ್ತಿತ್ತು. ಹೀಗೆ ಮಂದಿಯ ಆಸ್ತಿ ಬರೆದೂ ಬರೆದೂ ನಾನು ಸ್ವಯಾರ್ಜಿತವಾಗಿ ಸಂಪಾದಿಸಿದ್ದು ಒಂದು ಹೊಟ್ಟೆ. ಅದರ ಚಕ್ಕುಬಂದಿ: ಪೂರ್ವಕ್ಕೆ ಹಾಕಲಿಕ್ಕೆ ಬಾರದ ಅಂಗಿ ಗುಂಡಿ, ಪಶ್ಚಿಮಕ್ಕೆ ನೋಯುವ ಬೆನ್ನು, ಉತ್ತರಕ್ಕೆ ಏದುಸಿರು, ದಕ್ಷಿಣಕ್ಕೆ ಕೆಲಸ ಬಿಟ್ಟ ಮೊಣಕಾಲು. ಈ ಸ್ವತ್ತಿನ ಮೇಲೆ ಹನ್ನೆರಡು ವರ್ಷಗಳಿಂದ ಸಕ್ಕರೆ ರೋಗದ ಬೋಜಾ, ತೀರದ ಸಾಲದ ಹಾಗೆ, ಕೂತಿತ್ತು.

ಗದಗಿನ ಡಾಕ್ಟರು ಒಂದು ದಿನ ನನ್ನ ಕಾಗದ ನೋಡಿ, ಕನ್ನಡಕ ತೆಗೆದಿಟ್ಟರು.

"ಗುಳಿಗಿ ಸಾಲವಲ್ವು. ಮೂರು ತಿಂಗಳ ಟೈಮ್ ಕೊಡ್ತೇನಿ. ಊಟ ಸರಿ ಮಾಡ್ಕೊಂಡು ಇಳಿಸಿದ್ರಿ, ಛಲೋ. ಇಲ್ಲಂದ್ರ ಸೂಜಿ ಚಾಲೂ ಮಾಡೂನು."

"ಒಂದs ಸಲ ಏನ್ರಿ?"

"ದಿನಾ. ಬದುಕಿರೋ ತನಕ."

ನನಗೆ ಸೂಜಿಯೆಂದರೆ ಹೆದರಿಕೆ. ಅರವತ್ತೆಂಟು ವರ್ಷದವನು ಬರೆಯುವ ಮಾತಲ್ಲ ಇದು, ಆದರೆ ಖರೆ. ಲಸಿಕೆ ಹಾಕಿಸುವ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಮುದುಕಿಯೊಬ್ಬಳು, ಪರಿಚಯವಿಲ್ಲದಿದ್ದರೂ, ನನ್ನ ಮುಖ ನೋಡಿ ಕೈ ಹಿಡಿದುಕೊಂಡಿದ್ದಳು. ಹಿಡಿದ ಕೈಯನ್ನು ನಾನೂ ಬಿಟ್ಟಿರಲಿಲ್ಲ.

ಹುಬ್ಬಳ್ಳಿಯಲ್ಲಿರುವ ಮಗಳು ಸುದ್ದಿ ಕೇಳಿ ಅರ್ಧ ತಾಸಿನೊಳಗೆ ತಿರುಗಿ ಫೋನ್ ಮಾಡಿದಳು. ಗದಗಿನಲ್ಲಿ ಒಬ್ಬ ಹೆಣ್ಣುಮಗಳು ಆಹಾರದ ಶಾಸ್ತ್ರ ಓದಿಕೊಂಡು, ಸಕ್ಕರೆ ಇದ್ದವರಿಗೆ, ತೂಕ ಇಳಿಸುವವರಿಗೆ ಲೆಕ್ಕ ಹಾಕಿ ಅಡುಗೆ ಮಾಡಿ ಮನೆಗೆ ಡಬ್ಬಿ ಕಳಿಸುತ್ತಾಳಂತೆ. ಹೊತ್ತಿಗೊಂದರಂತೆ ದಿನಕ್ಕೆ ಎರಡು ಡಬ್ಬಿ. ಮೂರು ತಿಂಗಳದ್ದು ಈಗಾಗಲೇ ಗೊತ್ತು ಮಾಡಿದ್ದಾಗಿತ್ತು.

"ಅಪ್ಪಾ, ಷರತ್ತು ಒಂದs. ಆ ಡಬ್ಬ್ಯಾಗ ಬಂದದ್ದು ಅಷ್ಟs ತಿನ್ನಬೇಕು. ಅದರಾಗ ಬರಲಾರದ್ದು ಏನೂ ಬಾಯಾಗ ಹಾಕ್ಕೋಬಾರದು."

ಒಪ್ಪಿದೆ. ಮಗಳ ಈ ವಾಕ್ಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ನನ್ನನ್ನು ಕೆಡಿಸಿದ್ದು ಇದೇ.

ಆ ಸಂಜೆ ರೂಢಿಯ ಪ್ರಕಾರ ಉದ್ದನೆಯ ಹಾಳೆ ತೆಗೆದು, ನಟ್ಟನಡುವೆ ಗೆರೆ ಎಳೆದು, ಡಬ್ಬಿಯ ಪರವಾದದ್ದು ಒಂದು ಕಡೆ, ವಿರುದ್ಧವಾದದ್ದು ಇನ್ನೊಂದು ಕಡೆ ಬರೆಯಲಿಕ್ಕೆ ಕೂತೆ. ಪರವಾಗಿ ಮೊದಲು ಬಂದದ್ದು ಹೆಂಡತಿಯ ಮಣಿಕಟ್ಟು. ನಲವತ್ತು ವರ್ಷ ರೊಟ್ಟಿ ಬಡಿದ ಕೈ. ಈಗೀಗ ಬೆಳಿಗ್ಗೆ ಎದ್ದು ಬಿಸಿನೀರಿನಲ್ಲಿ ಅದ್ದಿಕೊಂಡು ಕೂರುತ್ತಾಳೆ. ನನ್ನ ಪಾಲಿನ ರೊಟ್ಟಿ ಕಡಿಮೆಯಾದರೆ ಅರ್ಧ ಬಡಿತ ಕಡಿಮೆ. ಎರಡನೆಯದು, ಅಳತೆ. ನಮ್ಮ ಕಡೆ ಬಡಿಸುವವರ ಕೈಗೆ ಅಳತೆ ಇಲ್ಲ. 'ಸಾಕು' ಅನ್ನುವ ಮಾತು ಮೂರು ಸಲ ಹೇಳಿದ ಮೇಲೆ ಜಾರಿಗೆ ಬರುತ್ತದೆ, ಅಷ್ಟರಲ್ಲಿ ಎರಡು ರೊಟ್ಟಿ ಬಿದ್ದಿರುತ್ತವೆ. ಡಬ್ಬಿ ಒತ್ತಾಯ ಮಾಡುವುದಿಲ್ಲ. ವಿರುದ್ಧದ ಕಡೆ ಬರೆದೆ: ಆರಿರುತ್ತದೆ. ಸಪ್ಪಗಿರುತ್ತದೆ. ಮತ್ತೆ ಅದೇ ಮಾತು: ಡಬ್ಬಿ ಒತ್ತಾಯ ಮಾಡುವುದಿಲ್ಲ. ಒಂದೇ ಮಾತು ಎರಡೂ ಕಡೆ ಬಂದದ್ದರಿಂದ ಹಾಳೆಯನ್ನು ಮಡಚಿಟ್ಟೆ.

ಹೆಂಡತಿ ಹಾಳೆ ಓದಲಿಲ್ಲ. "ಏನಾರ ಬರಕೋರಿ. ಒಟ್ಟ ನನ್ನ ಕೈ ಅಡಗಿ ನಿಮಗ ವಿಷ ಆತು," ಅಂದಳು.

ಡಬ್ಬಿ ತರುವವರು ಐವತ್ತು ದಾಟಿದ ಮನುಷ್ಯ. ನಮ್ಮ ಬೆಟಗೇರಿಯವರೇ. ಮೊದಲು ಸೀರೆ ನೇಯುತ್ತಿದ್ದವರು, ಮಗ್ಗ ನಿಂತ ಮೇಲೆ ಸ್ಕೂಟರಿಗೆ ಚೀಲ ಕಟ್ಟಿಕೊಂಡು ಡಬ್ಬಿ ಹಂಚುತ್ತಿದ್ದರು. ನನ್ನನ್ನು ಸಾಹೇಬ್ರು ಅಂದರು, ನನ್ನ ಹೆಂಡತಿಯನ್ನು ಮೊದಲ ದಿನವೇ ಅಕ್ಕಾರು ಅಂದರು.

ಮೊದಲ ಡಬ್ಬಿಯ ಪಂಚನಾಮೆ ಹೀಗಿತ್ತು. ಮೇಲಿನ ಬಟ್ಟಲಲ್ಲಿ ಸವತೆಕಾಯಿ, ಗಜ್ಜರಿ, ಮೊಳಕೆ ಬಂದ ಮಡಕಿ ಕಾಳು. ನಡುವಿನದರಲ್ಲಿ ಒಂದು ಸಜ್ಜಿ ರೊಟ್ಟಿ, ಅಂಗೈಯಗಲದ್ದು. ಕೆಳಗೆ ಒಗ್ಗರಣೆ ಕಾಣದ ಬೇಳೆ. ಮುಚ್ಚಳದ ಮೇಲೆ ಚೀಟಿ, ಅದರಲ್ಲಿ ಪ್ರತಿಯೊಂದರ ತೂಕ. ಇಷ್ಟು ಚಿಕ್ಕ ಸ್ವತ್ತಿಗೆ ಇಷ್ಟು ಸ್ಪಷ್ಟ ವಿವರ ಬರೆದದ್ದನ್ನು ನನ್ನ ವೃತ್ತಿಯಲ್ಲಿ ನಾನು ನೋಡಿರಲಿಲ್ಲ. ಗೌರವದಿಂದ ಉಂಡೆ. ಎದುರಿಗೆ ಹೆಂಡತಿ ಬಿಸಿ ರೊಟ್ಟಿಗೆ ಗುರೆಳ್ಳು ಚಟ್ನಿಪುಡಿ, ಮೊಸರು ಹಚ್ಚಿಕೊಂಡು ಉಣ್ಣುತ್ತಿದ್ದಳು. ಇಬ್ಬರೂ ತಲೆ ಎತ್ತಲಿಲ್ಲ.

ಮರುದಿನ ಖಾಲಿ ಡಬ್ಬಿ ಕೊಡುವ ಹೊತ್ತು ಬಂತು. ಅವಳು ತೊಳೆದು, ಒರೆಸಿ, ಕೈಯಲ್ಲಿ ಹಿಡಿದುಕೊಂಡು ನಿಂತಳು.

"ಖಾಲಿ ಹೆಂಗ ಕೊಡೂದು?"

ಇದು ನಮ್ಮ ಕಡೆಯ ಪದ್ಧತಿ. ಬೇರೆ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ತಿರುಗಿಸುವುದಿಲ್ಲ. ಏನೂ ಇಲ್ಲವೆಂದರೆ ಒಂದು ಚಮಚೆ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ.

"ಅದು ನೆರೆಮನಿ ಪಾತ್ರಿ ಅಲ್ಲ. ಅಂಗಡಿ ವ್ಯವಹಾರ," ಅಂದೆ.

"ಅಡಗಿ ಮಾಡಾಕಿ ಹೆಣ್ಣಮಗಳು ಹೌದಲ್ಲ? ಏನ ತಿಳಕೊಂಡಾಳು?"

ನಾಲ್ಕು ಶೇಂಗಾ ಉಂಡಿ ಹೋದವು, ನನ್ನ ಕಣ್ಣ ಮುಂದೆ. ನನ್ನ ಪಾಲಿಗೆ ನಿಂತುಹೋದ ಉಂಡಿಗಳು ಸ್ಕೂಟರ್ ಹತ್ತಿ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದೆ.

ಹದಿನೈದು ದಿನ ಷರತ್ತು ಅಕ್ಷರಶಃ ನಡೆಯಿತು. ಸೊಂಟದ ಪಟ್ಟಿ ಒಂದು ತೂತು ಒಳಗೆ ಬಂತು. ಸೂಜಿ ತಪ್ಪಿತು ಅಂತಲೇ ಅಂದುಕೊಂಡೆ.

ಹದಿನಾರನೆಯ ದಿನ ಮಧ್ಯಾಹ್ನ ಡಬ್ಬಿ ತೆರೆದರೆ, ನಡುವಿನ ಬಟ್ಟಲಲ್ಲಿ ಸಜ್ಜಿ ರೊಟ್ಟಿಯ ಮೇಲೆ, ಬಾಳೆ ಎಲೆಯ ತುಂಡಿನಲ್ಲಿ ಸುತ್ತಿದ ಎರಡು ಶೇಂಗಾ ಹೋಳಿಗೆ. ಮೇಲೆ ತುಪ್ಪ ಸವರಿತ್ತು.

ಹೆಂಡತಿ ಬಗ್ಗಿ ನೋಡಿದಳು. "ಡಯಟಿನ್ಯಾಗ ಹೋಳಿಗಿ ಇರತೈತೇನ್ರಿ?"

"ಓದಿದವರು. ತಿಳದs ಕಳಿಸಿರ್ತಾರ."

"ಚೀಟ್ಯಾಗ ಬರದಿಲ್ಲಲ್ಲ."

"ಬರೀಯೂದು ಬಿಟ್ಟಿರಬೇಕು."

"ಬೆಲ್ಲದ್ದು ಐತಿ."

"ಡಾಕ್ಟರು ಸಕ್ಕರಿ ಅಂದಾರ. ಬೆಲ್ಲ ಅಂದಿಲ್ಲ."

ಷರತ್ತನ್ನು ಮನಸ್ಸಿನಲ್ಲೇ ಓದಿಕೊಂಡೆ. 'ಡಬ್ಬಿಯಲ್ಲಿ ಬಂದದ್ದು ಅಷ್ಟೇ.' ಸದರಿ ಹೋಳಿಗೆ ಸದರಿ ಡಬ್ಬಿಯೊಳಗೇ ಬಂದಿತ್ತು. ತಕರಾರಿಗೆ ಆಸ್ಪದವಿರಲಿಲ್ಲ. ಎರಡನ್ನೂ ತಿಂದೆ. ಬಾಳೆ ಎಲೆಯನ್ನೂ ಒರೆಸಿದೆ ಅಂತ ಹೆಂಡತಿ ಆಮೇಲೆ ಸಾಕ್ಷಿ ಹೇಳಿದಳು.

ಆಮೇಲೆ ವಾರಕ್ಕೆ ಎರಡು ಮೂರು ಸಲ ಏನಾದರೂ ಸಿಹಿ ಬರುತ್ತಿತ್ತು. ಎಳ್ಳು ಹೋಳಿಗೆ, ಸಜ್ಜಕ, ಒಮ್ಮೆ ಮಾದ್ಲಿ, ಮೇಲೆ ಕೊಬ್ಬರಿ ತುರಿ ಉದುರಿಸಿದ್ದು. ಅಡುಗೆಯ ಹೆಣ್ಣುಮಗಳು ನಮ್ಮ ಉಂಡಿಗಳಿಗೆ ಮರ್ಯಾದೆ ತಿರುಗಿಸುತ್ತಿದ್ದಾಳೆ ಅಂತ ಹೆಂಡತಿಗೆ ಖಾತ್ರಿಯಾಯಿತು. ಮರ್ಯಾದೆಯಲ್ಲಿ ಹಿಂದೆ ಬೀಳುವವಳಲ್ಲ ಅವಳು. ನಾಲ್ಕು ಉಂಡಿ ಆರಾದವು. ಆರು ಶೇಂಗಾ ಉಂಡಿ ಹೋಗಿ ಅಂಟಿನ ಉಂಡಿ ಬಂದವು. ನನ್ನ ಪಾಲಿನ ರೊಟ್ಟಿ ತಪ್ಪಿ ಸುಧಾರಿಸಬೇಕಿದ್ದ ಮಣಿಕಟ್ಟು ಉಂಡಿ ಕಟ್ಟುವುದರಲ್ಲಿ ಮತ್ತೆ ಬಾತುಕೊಂಡಿತು. ಮಗಳು ಫೋನಿನಲ್ಲಿ ದಿನಾ ಕೇಳುತ್ತಿದ್ದಳು: "ಅಪ್ಪಾ, ಡಬ್ಬ್ಯಾಗಿಂದು ಬಿಟ್ಟು ಏನರ ತಿಂದ್ಯೇನು?" ನಾನು ನಿರ್ವಂಚನೆಯಿಂದ ಹೇಳುತ್ತಿದ್ದೆ: "ಇಲ್ಲವಾ."

ಮೂರು ತಿಂಗಳಿಗೆ ತಪಾಸಣೆಗೆ ರಕ್ತ ಕೊಟ್ಟು ಬಂದೆ. ಸಂಜೆ ಡಾಕ್ಟರು ಮತ್ತೆ ಕನ್ನಡಕ ತೆಗೆದಿಟ್ಟರು. ಸಕ್ಕರೆ ಇಳಿದಿರಲಿಲ್ಲ, ಮೊದಲಿಗಿಂತ ಏರಿತ್ತು. ನಾಡಿದ್ದಿನಿಂದ ಸೂಜಿ ಅಂದರು.

ಡಬ್ಬಿಯಲ್ಲಿ ಹೋಳಿಗೆ ಬರುತ್ತಿದ್ದದ್ದನ್ನು ಹೆಂಡತಿ ಫೋನಿನಲ್ಲಿ ಬಾಯಿಬಿಟ್ಟಳು. ಮಗಳ ಸಿಟ್ಟು ನೆಟ್ಟಗೆ ಅಡುಗೆಯ ಹೆಣ್ಣುಮಗಳ ಮೇಲೆ ಹೋಯಿತು. 'ಸಕ್ಕರೆ ರೋಗದವರಿಗೆ ಹೋಳಿಗೆ ಉಣಿಸುತ್ತೀರಾ' ಅಂತ ಫೋನಿನಲ್ಲಿ ಏನೇನು ಅಂದಳೋ, ಮರುದಿನ ಬೆಳಿಗ್ಗೆ ಆ ಹೆಣ್ಣುಮಗಳೇ ಮನೆಗೆ ಬಂದಳು. ನಲವತ್ತರ ಆಸುಪಾಸು, ಕಂಕುಳಲ್ಲಿ ದಪ್ಪ ಲೆಕ್ಕದ ವಹಿ. ಹಿಂದೆ ಬಾಗಿಲ ಹೊರಗೆ, ಟೊಪ್ಪಿಗೆ ಕೈಯಲ್ಲಿ ಹಿಡಿದು ಡಬ್ಬಿಯ ಮನುಷ್ಯ.

"ಕಾಕು, ನೀವs ನೋಡ್ರಿ," ಅಂತ ಅವಳು ಕೂರುವ ಮೊದಲೇ ನನ್ನ ಹೆಂಡತಿಯ ಮುಂದೆ ವಹಿ ಬಿಚ್ಚಿದಳು. "ದಿನಾ ಏನ ಕಳಿಸೇನಿ ಬರದೈತಿ. ನನ್ನ ಅಡಗಿ ಮನ್ಯಾಗ ಬೆಲ್ಲಾನ ಇಲ್ಲ. ಹೋಳಿಗಿ ಎಲ್ಲಿಂದ ತರ್ಲಿ?"

"ಹಂಗಾರ ನಾ ಕಳಿಸಿದ ಉಂಡಿ ಎಲ್ಲಿ ಹೋದುವು?" ಅಂದಳು ನನ್ನ ಹೆಂಡತಿ.

"ಯಾವ ಉಂಡಿರಿ? ನನಗ ಡಬ್ಬಿ ಖಾಲಿನ ಬರ್ತಾವು."

ಮೂವರೂ ಬಾಗಿಲ ಕಡೆ ನೋಡಿದೆವು. ಆತ ಟೊಪ್ಪಿಗೆಯನ್ನು ಒಂದು ಸುತ್ತು ತಿರುಗಿಸಿದರು.

"ನಾನs ರಿ ಅಕ್ಕಾರ. ಮೊದಲನೇ ದಿನ ಡಬ್ಬಿ ಭಾರ ಹತ್ತಿತು. ತಗದು ನೋಡಿದ್ರ ಉಂಡಿ. ಡಯಟಿನ ಅಡಗಿ ಮನಿಗೆ ಉಂಡಿ ಒಯ್ದ್ರ ಈ ಬಾಯಾರು ಬೈತಾರಂತ ನಮ್ಮ ಮನ್ಯಾಗ ಇಳಿಸಿದೆ. ಹಂಗs ದಿನಾ ಆತು. ಆಮ್ಯಾಗ ನನ್ನ ಹೇಣ್ತಿ ಅಂದ್ಲು, ಅವರು ಇಷ್ಟ ಪ್ರೀತೀಲೆ ಕಳಸಾಕತ್ತಾರ, ನಾವು ಬರೇ ತಿಂದು ಕುಂದ್ರೂದೇನು ಅಂತ. ಹಾದ್ಯಾಗ ನಮ್ಮನಿ ಬರತೈತಲ್ರಿ, ಡಬ್ಬ್ಯಾಗ ಆಕಿನ ಇಟ್ಟು ಕಳಿಸಿದ್ಲು."

"ಸಕ್ಕರಿ ಇದ್ದವ್ರ ಡಬ್ಬಿ ಅಂತ ಗೊತ್ತಿಲ್ಲೇನ್ರಿ ನಿಮಗ?" ಅಂದಳು ವಹಿಯವಳು, ಅಳು ಬಂದವಳ ಹಾಗೆ.

"ಗೊತ್ತೈತ್ರಿ. ನನಗೂ ಐತಿ. ಆದ್ರ ಅಕ್ಕಾರು ಉಂಡಿ ಮಾಡ್ತಾರಂದ ಮ್ಯಾಲೆ ಸಾಹೇಬ್ರ ಒಬ್ರಿಗೆ ಸಕ್ಕರಿ, ಮನಿ ಮಂದಿ ತಿಂತಾರ ಅಂತ ತಿಳಕೊಂಡ್ವಿ."

ಬೈಯಬೇಕೆಂದರೆ ಯಾರನ್ನು ಬೈಯುವುದು? ಹೆಂಡತಿ ಆತನ ಕಡೆ ತಿರುಗಿ ಕೇಳಿದಳು: "ಹೋಳಿಗಿಗೆ ಆಕಿ ಗಸಗಸಿ ಹಾಕ್ತಾಳೇನು?"

"ಹೂಂ ರಿ, ಹುರದು ಹಾಕ್ತಾಳ."

"ಅದಕs ಹಂಗ ಆಗ್ತಾವು," ಅಂತ ಅವಳು ಚಹಾ ಇಡಲಿಕ್ಕೆ ಒಳಗೆ ಹೋದಳು. ವಹಿಯವಳು ವಹಿ ಮುಚ್ಚಿ, ಕುರ್ಚಿಯಲ್ಲಿ ಕೂತು, "ನನಗ ಸಕ್ಕರಿ ಹಾಕೇ ಕೊಡ್ರಿ ಕಾಕು," ಅಂದಳು. ಬಹಳ ದಣಿದಿದ್ದಳು, ಪಾಪ.

ಈ ದಾವೆಯಲ್ಲಿ ತಪ್ಪು ಯಾರದೆಂದು ಆ ಮೂವರಿಗೂ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಹದಿನಾರನೆಯ ದಿನ ಬಾಳೆ ಎಲೆ ಬಿಚ್ಚಿದಾಗಲೇ ಗೊತ್ತಿತ್ತು. ಚೀಟಿಯಲ್ಲಿಲ್ಲದ್ದು ನನ್ನದಲ್ಲ ಅಂತ. ಕಾಗದದಲ್ಲಿಲ್ಲದ ಒಂದು ಗುಂಟೆಯನ್ನೂ ಬಿಟ್ಟುಕೊಡದ ಹಾಗೆ ನಲವತ್ತು ವರ್ಷ ಬರೆದವನು ನಾನು. ಪತ್ರದಲ್ಲಿ ಸಂದು ಬಿಡಬೇಡಿರೆಂದು ಊರಿಗೆಲ್ಲ ಹೇಳಿ, ಮಗಳು ಬಿಟ್ಟ ಒಂದು ಸಂದಿನಲ್ಲಿ ಅಷ್ಟು ದೊಡ್ಡ ಹೊಟ್ಟೆ ತೂರಿಸಿಕೊಂಡು ಹೋಗಿದ್ದೆ. ಹುಬ್ಬಳ್ಳಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. "ನೀ ಹಿಂಗs ಅಂತ ಗೊತ್ತಿತ್ತು ಬಿಡಪಾ," ಅಂದಳು ಮಗಳು. ಬೈದಿದ್ದರೆ ಚೆನ್ನಾಗಿತ್ತು.

ಮಡಚಿಟ್ಟ ಹಾಳೆಯನ್ನು ಆ ಮಧ್ಯಾಹ್ನ ಮತ್ತೆ ತೆಗೆದೆ. ಡಬ್ಬಿಯ ಊಟಕ್ಕೆ ನಾನು ಕೆಟ್ಟ ಹೆಸರು ಕೊಡಲಾರೆ. ಒಬ್ಬರೇ ಇರುವವರಿಗೆ, ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಿಗೆ, ಅಳತೆ ತಿಳಿಯದವರಿಗೆ ಅದು ಒಳ್ಳೆಯದೇ. ಮೊದಲ ಹದಿನೈದು ದಿನ ನನಗೂ ಒಳ್ಳೆಯದೇ ಆಗಿತ್ತು. ಆದರೆ ಅದು ಪಥ್ಯವನ್ನು ಮನೆ ಬಾಗಿಲಿಗೆ ತಂದುಕೊಡುತ್ತದೆ, ಅಲ್ಲಿಂದ ಬಾಯಿಯ ತನಕ ನಾವೇ ಒಯ್ಯಬೇಕು. ಅಷ್ಟು ದೂರ ನನಗೆ ನಡೆಯಲಾಗಲಿಲ್ಲ. ಇಷ್ಟು ಬರೆದು, ಕೆಳಗೆ ಸಹಿ ಹಾಕಿದೆ.

ಸೂಜಿ ಚುಚ್ಚುವುದನ್ನು ದವಾಖಾನೆಯ ನರ್ಸಮ್ಮ ಹೆಂಡತಿಗೆ ಕಲಿಸಿದ್ದಳು, ನನಗೆ ಕಲಿಸುವ ಪ್ರಯತ್ನ ಕೈಬಿಟ್ಟು. ಮೊದಲ ದಿನ ಬೆಳಿಗ್ಗೆ ಅವಳು ಕೈಯನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿಕೊಂಡು, ಸೂಜಿ ಹಿಡಿದು ನನ್ನ ಪಕ್ಕದಲ್ಲಿ ಕೂತಳು. ನಾನು ಅಂಗಿ ಎತ್ತಿದೆ. ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತಿತು. ನಮ್ಮಲ್ಲಿ ಉಳಿದ ಕೊನೆಯ ಡಬ್ಬಿ ಒಯ್ಯಲಿಕ್ಕೆ ಬಂದಿದ್ದರು.

"ನಿಂದ್ರಪಾ ತಮ್ಮಾ, ಡಬ್ಬಿ ತೊಳದೈತಿ. ಖಾಲಿ ಐತಿ, ಅದಕ ಏನರ ಹಾಕಬೇಕು," ಅಂತ ಅವಳು ಕೂತಲ್ಲಿಂದಲೇ ಕೂಗಿದಳು.

"ಬ್ಯಾಡ್ರಿ ಅಕ್ಕಾರ! ಕೈ ಮುಗೀತೇನಿ, ಖಾಲೀನ ಕೊಡ್ರಿ!"

"ಮೆಂತೆ ಸೊಪ್ಪು ಹಾಕ್ತೇನಿ ತಗೋ. ಇಬ್ರಿಗೂ ನಡೀತೈತಿ."

ಆತ ಏನನ್ನುತ್ತಾರೆಂದು ನಾನು ಬಾಗಿಲ ಕಡೆ ಕತ್ತು ತಿರುಗಿಸಿದೆ. ಹೊಟ್ಟೆಯ ಮೇಲೆ ಇರುವೆ ಹರಿದ ಹಾಗಾಯಿತು.

"ಆತು," ಅಂತ ಹೆಂಡತಿ ಸೂಜಿ ಕೆಳಗಿಟ್ಟು, ಎದ್ದು ಡಬ್ಬಿ ತರಲಿಕ್ಕೆ ಹೋದಳು.