ಇಸ್ತ್ರಿ ಅಕ್ಕನ ಆಯ್ಕೆ

ಮೊನ್ನೆ ಶನಿವಾರ ಸಂಜೆ ನನ್ನ ಬಿಳಿ ಟೀ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದೆ. ಬ್ಯಾಸ್ಕೆಟ್‌ಬಾಲ್ ಕೋರ್ಟಿಗೆ ಹಾಕಿಕೊಂಡು ಹೋಗುವ ಅಂಗಿ. ಒಗೆದು ಬಿಸಿಲಿಗೆ ಒಣಗಿಸಿದ್ದೇ, ಆದರೂ ಕಾದ ಪೆಟ್ಟಿಗೆ ಕಂಕುಳಿನ ಹತ್ತಿರ ಹೋದದ್ದೇ ತಡ, ಹಳೇ ಬೆವರಿನ ಕಮಟು ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಇದ್ದಿಲ ಹೊಗೆಯೂ ಬಂದಂತಾಯಿತು. ನಮ್ಮ ಮನೆಯಲ್ಲಿರುವುದು ಕರೆಂಟಿನ ಪೆಟ್ಟಿಗೆ, ಇದ್ದಿಲು ಎಲ್ಲಿಂದ ಬರಬೇಕು... ಇಸ್ತ್ರಿ ಅಕ್ಕ ನೆನಪಾದಳು.

ಹೊಸೂರಿನ ಹಳೇ ಶಾಲೆಯ ಮೈದಾನದ ಮೂಲೆಯಲ್ಲಿ ಸಿಮೆಂಟಿನ ಕೋರ್ಟ್ ಒಂದಿತ್ತು. ಅದರ ಕಾಂಪೌಂಡಿಗೆ ಒರಗಿಸಿ, ಹೊಂಗೆ ಮರದ ಕೆಳಗೆ, ಅಕ್ಕನ ತಳ್ಳುಗಾಡಿ. ಸುತ್ತಲಿನ ಬೀದಿಗಳ ಅಂಗಿ ಪಂಚೆಗಳ ಜೊತೆಗೆ ನಮ್ಮ ಕ್ಲಬ್ಬಿನ ಆಟದ ಬಟ್ಟೆಗಳೂ ಅವಳ ಹತ್ತಿರವೇ ಹೋಗುತ್ತಿದ್ದವು. ಆ ಬಟ್ಟೆಗಳನ್ನು ಒಳಮಗ್ಗುಲು ಹೊರಗೆ ಮಾಡಿ, ಮೇಲೊಂದು ಒದ್ದೆ ಅರಿವೆ ಹಾಸಿ ಇಸ್ತ್ರಿ ಹಾಕಬೇಕು, ಇಲ್ಲದಿದ್ದರೆ ಮೇಲೆ ಅಚ್ಚು ಹಾಕಿದ ನಂಬರು ಪೆಟ್ಟಿಗೆಗೆ ಅಂಟಿಕೊಳ್ಳುತ್ತದೆ. ದಿನವೂ ಒಳಮಗ್ಗುಲನ್ನೇ ನೋಡಿ ನೋಡಿ ಯಾರ ಬಟ್ಟೆ ಎಲ್ಲಿ ಸವೆದಿದೆ, ಯಾರದು ಸವೆದೇ ಇಲ್ಲ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಆಟದ ನಿಯಮಗಳು ಮಾತ್ರ ಅಷ್ಟಕ್ಕಷ್ಟೇ. ಎರಡು ಪಾಯಿಂಟ್ ಯಾವಾಗ, ಮೂರು ಯಾವಾಗ ಎಂದು ಕೊನೆಯವರೆಗೂ ತಿಳಿದುಕೊಳ್ಳಲಿಲ್ಲ. ತಿಳಿಯಬೇಕೆಂದು ಅವಳಿಗೆ ಅನ್ನಿಸಿಯೂ ಇರಲಿಲ್ಲ.

ಕೋರ್ಟಿನ ಮೆಟ್ಟಿಲ ಮೇಲೆ ಸಂಜೆಯಾದರೆ ಅಭಿಮಾನಿಗಳ ಪಂಚಾಯ್ತಿ ಸೇರುತ್ತಿತ್ತು. ಅದರ ಯಜಮಾನ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದ ಒಬ್ಬ ಮಾಮ. ಥರ್ಡ್ ಶಿಫ್ಟ್ ಮುಗಿಸಿ ಬಂದು, ನಿದ್ದೆಗೆಟ್ಟು ಟೀವಿಯಲ್ಲಿ ಅಮೆರಿಕದ ಆಟ ನೋಡುವ ಮನುಷ್ಯ. ನಮ್ಮಲ್ಲಿ ಹುಡುಗಿಯರ ಟೀಮುಗಳು ಮೂರೇ ಮೂರು. ಸೀಸನ್ನಿಗೆ ಮುಂಚೆ ಮೂರು ತಿಂಗಳ ಕ್ಯಾಂಪ್ ನಡೆಯುತ್ತಿತ್ತು. ಆಮೇಲೆ ಶಾಲೆಯ ವರಾಂಡದಲ್ಲಿ ಹೊಸ ಹುಡುಗಿಯರ ಹೆಸರನ್ನು ಬೋರ್ಡಿನ ಮೇಲೆ ಬರೆದು, ಒಂದೊಂದು ಟೀಮು ಇಬ್ಬಿಬ್ಬರನ್ನು ಆರಿಸಿಕೊಳ್ಳುತ್ತಿತ್ತು. ಹಿಂದಿನ ವರ್ಷ ಕೊನೆಗೆ ಬಂದವರಿಗೆ ಮೊದಲ ಅವಕಾಶ. ಇದಕ್ಕೆ ‘ಡ್ರಾಫ್ಟ್’ ಎಂದು ಹೆಸರಿಟ್ಟವನು ಫಿಟ್ಟರ್ ಮಾಮನೇ. ಆಮೇಲೆ ಬೋಂಡಾ ಮಾರುವವನೂ ಡ್ರಾಫ್ಟ್ ಎನ್ನತೊಡಗಿದ.

ನಾನು ಆ ವರ್ಷ ಬೋರ್ಡಿಗೇರಬೇಕಾದ ಹೊಸಬಳು. ನಮ್ಮ ಮೈದಾನದ ಟೀಮು ಕೊನೆಗೆ ಬಂದಿದ್ದರಿಂದ ಮೊದಲ ಆಯ್ಕೆ ನಮ್ಮದೇ, ಆ ಮೊದಲ ಹೆಸರು ನನ್ನದೇ ಎಂದು ನಂಬಿಕೊಂಡಿದ್ದೆ. ನಂಬದೆ ವಿಧಿಯಿರಲಿಲ್ಲ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಮೇಷ್ಟರ ಕೆಲಸ, ಅಪ್ಪನಿಗೆ ನಾನು ಆಡುವುದು ಸುತರಾಂ ಇಷ್ಟವಿರಲಿಲ್ಲ. "ಈ ಸಲ ತೊಗೊಂಡ್ರೆ ಆಡು. ಇಲ್ದಿದ್ರೆ ಚಡ್ಡಿ ಹಾಕ್ಕೊಂಡು ಬೀದೀಲಿ ಓಡಾಡೋದು ಸಾಕು" ಎಂದುಬಿಟ್ಟಿದ್ದರು. ಅಕ್ಕನಿಗೆ ಇದು ಗೊತ್ತಿತ್ತು. ದಿನಾ ಅವಳ ಗಾಡಿಯ ಹತ್ತಿರ ನಿಂತು ಹೇಳಿಕೊಳ್ಳುತ್ತಿದ್ದವಳು ನಾನೇ ತಾನೇ.

ಅಷ್ಟರಲ್ಲಿ ಇನ್ನೊಂದು ರಗಳೆ ಎದ್ದಿತು. ಟೀಮು ಸೋತದ್ದಕ್ಕೆ ಕ್ಲಬ್ಬಿನ ಕಮಿಟಿಯವರು ಕೋಚನ್ನೇ ಬದಲಾಯಿಸಿದರು. ಅಲ್ಲಿಯವರೆಗೆ ಇದ್ದವರು ಶಾಲೆಯ ಡ್ರಿಲ್ ಮೇಷ್ಟ್ರು, ವರ್ಷಗಟ್ಟಲೆ ಪುಕ್ಕಟೆ ಹೇಳಿಕೊಟ್ಟವರು. ಬಂದವರು ಬೆಂಗಳೂರಿನವರು, ಕೈಯಲ್ಲಿ ಅಳತೆ ಟೇಪು, ಕೊರಳಲ್ಲಿ ಸ್ಟಾಪ್‌ವಾಚು. ಮೆಟ್ಟಿಲ ಮೇಲೆ ಎರಡು ಪಕ್ಷವಾಯಿತು. ನಾನು ಮೇಷ್ಟ್ರ ಪಕ್ಷ, ಏಕೆಂದರೆ ಮೇಷ್ಟ್ರು ನನ್ನ ಪಕ್ಷ. ಅಕ್ಕನೂ ನಮ್ಮ ಕಡೆಯೇ ಎಂದುಕೊಂಡು ಕೇಳಿದೆ. ಅವಳು ಪೆಟ್ಟಿಗೆಯ ಬೂದಿ ಊದುತ್ತಾ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಮೇಷ್ಟ್ರು ಒಳ್ಳೇರೇ ಕಣಮ್ಮಿ. ಆದ್ರೆ ಅವ್ರ ಅಂಗಿ ಕಂಕಳು ಒಣಗಿ ಎರಡ್ ವರ್ಸ ಆಯ್ತು. ಕುರ್ಚಿ ಮ್ಯಾಲ್ ಕುಂತು ಪೀಪಿ ಊದಿದ್ರೆ ಬೆವ್ರು ಎಲ್ಲಿಂದ ಬತ್ತದೆ? ಬದಲಾಯ್ಸಿದ್ದು ಸರಿಯಾಗೈತೆ."

ಈ ಮಾತು ಮೇಷ್ಟ್ರ ಕಿವಿಗೂ ಬಿದ್ದಿರಬೇಕು. ಮರುದಿನ ಅವರು ಎಂದಿನಂತೆ ಅಂಗಿ ತಂದುಕೊಟ್ಟರು, ಅವಳೂ ಎಂದಿನಂತೆ ಇಸ್ತ್ರಿ ಹಾಕಿ ಕೊಟ್ಟಳು.

ಹೊಸ ಕೋಚ್ ಬಂದರೆಂದು ಫಿಟ್ಟರ್ ಮಾಮ ಹಿಗ್ಗಿದ. "ತೆಂಗಿನ್‌ಕಾಯಿ ಕೀಳಕ್ಕೆ ಕುಳ್ಳೀರ್ನ ಕಳಿಸ್ತಾರೇನ್ಲಾ, ಉದ್ದ ಇರೋಳ್ನೇ ಎತ್ಕೋಬೇಕು" ಎಂದು ಪಕ್ಕದವನ ತೊಡೆ ತಟ್ಟಿದ. ನಾನು ಐದು ಅಡಿ ಎರಡು ಇಂಚು. ಅಕ್ಕ ತಲೆಯೆತ್ತದೆ, "ಕೆಳಗ್ ಬಿದ್ದಿದ್ನ ಬಗ್ಗಿ ಎತ್ಕೊಳ್ಳೋರು ಯಾರಪ್ಪಾ ಹಂಗಾದ್ರೆ?" ಎಂದಳು. ಆ ಮಾತನ್ನು ಅವಳು ನನಗಾಗಿಯೇ ಆಡಿದಳು ಎಂದುಕೊಂಡು ನಾನು ಆ ದಿನವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಆಯ್ಕೆಯ ದಿನ ಹೊಸ ಕೋಚ್ ಎತ್ತರ ಬರೆದ ಪುಸ್ತಕ ತೆಗೆದು ಎಲ್ಲರಿಗಿಂತ ಉದ್ದದ ಹುಡುಗಿಯ ಹೆಸರು ಹೇಳುವುದರಲ್ಲಿದ್ದರು. ಅಷ್ಟರಲ್ಲಿ ಅಕ್ಕ ಗಂಟು ಹೊತ್ತು ವರಾಂಡಕ್ಕೆ ಬಂದಳು. ಕ್ಯಾಂಪಿನಲ್ಲಿ ನಮಗೆಲ್ಲ ಒಂದೇ ದಿನ, ಒಂದೇ ಥರದ ನೀಲಿ ನಿಕ್ಕರ್ ಕೊಟ್ಟಿದ್ದರು. ಕ್ಯಾಂಪ್ ಮುಗಿದ ಮೇಲೆ ಅವೆಲ್ಲ ಇಸ್ತ್ರಿಗೆ ಹೋಗಿದ್ದವು. ಅವಳು ಒಂದೊಂದನ್ನೇ ಒಳಮಗ್ಗುಲು ಹೊರಗೆ ಮಾಡಿ ಮೇಜಿನ ಮೇಲೆ ಸಾಲಾಗಿ ಹಾಸಿದಳು. ಕ್ಲಬ್ಬಿನ ಸೆಕ್ರೆಟರಿ ಬೇಡವೆಂದರೂ ಕೇಳಲಿಲ್ಲ.

"ಟೇಪು ಆಮ್ಯಾಕ್ ಹಿಡೀರಿ ಸಾರ್. ಮೊದ್ಲು ಇದ್ನ ನೋಡಿ. ನಿಮ್ ಸಿಮೆಂಟ್ ನೆಲದ್ ಮ್ಯಾಲೆ ಚೆಂಡಿಗೋಸ್ಕರ ಬಿದ್ದೋಳು ಯಾರು, ನಿಂತೋಳು ಯಾರು, ಎಲ್ಲಾ ಇದ್ರಾಗೈತೆ."

ಕೋಚ್ ನಗಲಿಲ್ಲ. ಸೊಂಟದ ಪಕ್ಕ ಬಲೆಯಂತೆ ತೆಳ್ಳಗಾಗಿದ್ದ ಒಂದು ನಿಕ್ಕರನ್ನು ಎತ್ತಿ ಬೆಳಕಿಗೆ ಹಿಡಿದು, "ಇದು ಯಾರದಮ್ಮಾ?" ಎಂದು ಕೇಳಿದರು. ಗುರುತಿಗೆಂದು ಪ್ರತಿ ನಿಕ್ಕರಿನ ಸೊಂಟಪಟ್ಟಿಗೂ ಅಕ್ಕ ಒಂದೊಂದು ಬಣ್ಣದ ದಾರ ಹಾಕಿರುತ್ತಿದ್ದಳು. ನನ್ನದು ಕೆಂಪು. ಅವಳು ಪಟ್ಟಿ ಮಗುಚಿದಳು. ಹಸಿರು ದಾರ. ಸಾನಮಾವಿನಿಂದ ಬಸ್ಸಿನಲ್ಲಿ ಬರುತ್ತಿದ್ದ, ಯಾರೊಂದಿಗೂ ಹೆಚ್ಚು ಮಾತಾಡದ ಹುಡುಗಿಯದು. ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಆ ಹುಡುಗಿಯ ಹೆಸರನ್ನು ಸ್ಪಷ್ಟವಾಗಿ ಹೇಳಿದಳು.

ಅವಳೇ ಮೊದಲ ಆಯ್ಕೆಯಾದಳು. ನಮ್ಮ ಟೀಮಿನ ಎರಡನೆಯ ಜಾಗಕ್ಕೆ ಆ ಉದ್ದದ ಹುಡುಗಿ ಬಂದಳು. ಉಳಿದೆರಡು ಟೀಮಿನವರೂ ತಮಗೆ ಬೇಕಾದವರನ್ನು ಆರಿಸಿಕೊಂಡು ಎದ್ದರು. ಬೋರ್ಡಿನ ಮೇಲೆ ಉಳಿದ ಹೆಸರುಗಳಲ್ಲಿ ನನ್ನದೂ ಒಂದು...

ನಾನು ನೇರ ಗಾಡಿಯ ಹತ್ತಿರ ಹೋಗಿ, ಬಾಯಿಗೆ ಬಂದಂತೆ ಬೈದೆ. ನಂಬಿಸಿ ಕೈಕೊಟ್ಟೆ, ಇನ್ನು ಅಪ್ಪ ನನ್ನನ್ನು ಮನೆಯಿಂದ ಹೊರಗೆ ಬಿಡುವುದಿಲ್ಲ, ಎಲ್ಲ ನಿನ್ನಿಂದಲೇ ಎಂದೆ. ಅವಳು ನನ್ನ ನಿಕ್ಕರನ್ನು ಹುಡುಕಿ ತೆಗೆದು ನನ್ನ ಕೈಗಿಟ್ಟಳು. ಅಂಗಡಿಯಿಂದ ಈಗ ತಾನೇ ತಂದಂತಿತ್ತು.

"ನೀನ್ ಚೆನ್ನಾಗ್ ಆಡ್ತೀಯ ಕಣಮ್ಮಿ, ಇಲ್ಲ ಅನ್ನಲ್ಲ. ಆದ್ರೆ ಇದು ಹೊಸ್ದಾಗೇ ಐತೆ, ನಾನೇನ್ ಸುಳ್ಳೇಳ್ಲಾ? ಹೋಗು, ಹರ್ಕೊಂಡ್ ಬಾ. ಹೊಲ್ಕೊಡ್ತೀನಿ."

ಅಷ್ಟು ಸಿಟ್ಟು ನನಗೆ ಮತ್ತೆ ಯಾರ ಮೇಲೂ ಬಂದಿಲ್ಲ. ಆ ಸಿಟ್ಟಿನಲ್ಲೇ ಮನೆಗೆ ಹೋಗಿ, ಆಟ ನಿಲ್ಲಿಸುವುದಿಲ್ಲ ಎಂದು ಅಪ್ಪನ ಮುಖ ನೋಡಿ ಹೇಳಿದೆ. ಅಪ್ಪ ಚೆಂಡನ್ನು ಅಟ್ಟದ ಮೇಲೆ ಎಸೆದರು. ನಾನು ಏಣಿ ಹಾಕಿ ಇಳಿಸಿಕೊಂಡೆ. ಇದು ಎಷ್ಟೋ ದಿನ ನಡೆಯಿತು. ಕೊನೆಗೆ ಅವರಿಗೇ ಬೇಸರವಾಗಿ ಎಸೆಯುವುದು ಬಿಟ್ಟರು.

ಟೀಮಿನಲ್ಲಿ ಇಲ್ಲದಿದ್ದರೂ ದಿನವೂ ಬೆಳಿಗ್ಗೆ ಕೋರ್ಟಿಗೆ ಹೋದೆ. ಅಕ್ಕನಿಗೆ ತೋರಿಸಲೆಂದೇ ಬಿದ್ದೆ. ಮೊಣಕೈ ತರಚಿತು, ಮಂಡಿ ಕಿತ್ತುಹೋಯಿತು, ಎರಡು ತಿಂಗಳಿಗೆ ನಿಕ್ಕರ್ ಸೊಂಟದ ಹತ್ತಿರ ಹರಿಯಿತು. ತಂದು ಗಾಡಿಯ ಮೇಲೆ ಎಸೆದೆ. ಅವಳು ತೇಪೆ ಹಾಕಿದಳು. ಶಹಬ್ಬಾಸ್ ಎನ್ನುತ್ತಾಳೇನೋ ಎಂದು ಕಾದೆ. "ಎಡಗಡೆ ಮಾತ್ರ ಹರ್ದೈತೆ. ಬಲಗಡೆ ಬೀಳಕ್ಕೆ ಭಯಾನಾ?" ಎಂದಳು. ಮರುವರ್ಷದ ಆಯ್ಕೆಯಲ್ಲಿ ನನ್ನ ಹೆಸರು ಮೊದಲು ಬಂದಾಗ ಅವಳು ಯಾರದೋ ಪಂಚೆ ಮಡಚುತ್ತಿದ್ದಳು, ಕತ್ತೆತ್ತಿ ಒಮ್ಮೆ ನೋಡಿ ಮತ್ತೆ ಮಡಚಿದಳು.

ರಸ್ತೆ ಅಗಲ ಮಾಡಿದಾಗ ಹೊಂಗೆ ಮರ ಹೋಯಿತು, ಗಾಡಿಯೂ ಹೋಯಿತು. ಅಕ್ಕ ರಾಯಕೋಟೆಯಲ್ಲಿದ್ದ ತಂಗಿಯ ಮನೆ ಸೇರಿದಳು. ಇಲ್ಲಿಂದ ಬಸ್ಸಿಗೇನು ಬರವಿಲ್ಲ. ಈ ಭಾನುವಾರ, ಮುಂದಿನ ಭಾನುವಾರ ಎನ್ನುತ್ತಲೇ ಇದ್ದೆ. ಪ್ರತಿ ಭಾನುವಾರವೂ ಯಾವುದೋ ಮ್ಯಾಚು... ಅವಳು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಥಿಯೂ ಮುಗಿದ ಮೇಲೆ. ನನ್ನನ್ನು ಆಟಗಾರ್ತಿ ಮಾಡಿದವಳು ಅವಳು, ಅದನ್ನು ಅವಳ ಎದುರು ನಿಂತು ಹೇಳಲಿಲ್ಲ. ಇದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ.

ಈಗ ಅದೇ ಕೋರ್ಟಿನಲ್ಲಿ ನಾನೇ ಕೋಚ್. ಈ ವರ್ಷ ಟೀಮು ಕೊನೆಗೆ ಬಂತು. ಕೃಷ್ಣಗಿರಿಯ ಆರಡಿ ಹುಡುಗಿಯನ್ನು ಮೊದಲು ಎತ್ತಬೇಕೆಂದು ಕಮಿಟಿ, ಜವಳಗಿರಿಯ ಕುಳ್ಳಿ ಬೇಕೆಂದು ನಾನು. ಹಾಗಿದ್ದರೆ ಕೋಚನ್ನೇ ಬದಲಾಯಿಸಿ ಎಂದು ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಕೂಗೆದ್ದಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ಅವರ ಮಾತಿಗೆ ನಾನು ಜಗ್ಗುವವಳಲ್ಲ. ಆದರೆ ರಿಟೈರಾಗಿರುವ ಫಿಟ್ಟರ್ ಮಾಮ ಕಳಿಸಿದ ಧ್ವನಿ ಸಂದೇಶ ಮಾತ್ರ ಚುಚ್ಚಿತು: "ಆವತ್ತಿನ್ ಮೇಷ್ಟ್ರ ಅಂಗಿ ವಿಸ್ಯ ಗ್ಯಾಪ್ಕ ಐತೇನ್ರಪ್ಪಾ? ಮೇಡಮ್ದೂ ಒಂದ್ ಸಲ ನೋಡಿ."

ಅದಕ್ಕೇ ಶನಿವಾರ ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿದ್ದು. ಕಂಕುಳು ಬಿಳಿಯಾಗಿಯೇ ಇದ್ದರೆ ನಾನಾಗಿಯೇ ಕೋಚ್ ಕೆಲಸ ಬಿಟ್ಟುಕೊಡುವುದೆಂದು ತೀರ್ಮಾನಿಸಿದ್ದೆ. ಎರಡೂ ಕಡೆ ಅಂಗೈಯಗಲ ಹಳದಿ ಕಲೆ, ಪೆಟ್ಟಿಗೆ ಇಟ್ಟಷ್ಟೂ ಎದ್ದು ಕಾಣುತ್ತಿತ್ತು. ಕಲೆಯಿಲ್ಲದ ಅಂಗಿಗಳು ಬೀರುವಿನಲ್ಲಿ ನಾಲ್ಕಿವೆ. ಭಾನುವಾರದ ಆಯ್ಕೆಯ ಮೀಟಿಂಗಿಗೆ ಇದನ್ನೇ ಹಾಕಿಕೊಂಡು ಹೋದೆ.

ನಿಮ್ಮ ಆಯ್ಕೆ ಯಾರೆಂದು ಸೆಕ್ರೆಟರಿ ಕೇಳಿದರು. ನಾನು ಬಲಗೈ ಪೂರ್ತಿ ಮೇಲೆತ್ತಿ ಬೋರ್ಡಿನಲ್ಲಿದ್ದ ಜವಳಗಿರಿ ಹುಡುಗಿಯ ಹೆಸರು ತೋರಿಸಿದೆ. ಬೇಗ ಇಳಿಸಲಿಲ್ಲ. ಫಿಟ್ಟರ್ ಮಾಮ ಹಿಂದಿನ ಸಾಲಿನಿಂದ ಎದ್ದು ಕಲೆ ನೋಡಿ ಕುಳಿತ. ಅಕ್ಕನಾಗಿದ್ದರೆ ಸಾಕೆನ್ನುತ್ತಿದ್ದಳೋ ಸಾಲದೆನ್ನುತ್ತಿದ್ದಳೋ ಗೊತ್ತಿಲ್ಲ, ಕೇಳೋಣವೆಂದರೆ ಅವಳಿಲ್ಲ. ಕೋಚ್ ಬದಲಾವಣೆಯ ತೀರ್ಮಾನ ಮುಂದಿನ ವಾರವಂತೆ. ಮಾಡಿಕೊಳ್ಳಲಿ. ನಾಳೆ ಬೆಳಿಗ್ಗೆ ಐದೂವರೆಗೆ ಆ ಕುಳ್ಳಿಗೆ ಬಲಗಡೆ ಬೀಳುವುದನ್ನು ಹೇಳಿಕೊಡಬೇಕು.