ಕೊನೆಯ ಪುಟದ ಜಾಹೀರಾತು

ಆಕೆ ಸೀರೆಯನ್ನು ಕೌಂಟರಿನ ಮೇಲೆ ಎಸೆದಳು. ಇಟ್ಟಳು ಅಂತ ಬರೆಯಲು ಮನಸ್ಸು ಒಪ್ಪುವುದಿಲ್ಲ, ಎಸೆದಳು. ಬೆಣ್ಣೆ ಬಣ್ಣದ ಸೀರೆ, ಸೆರಗಿನ ತುಂಬ ಕೆಂಪು ದಾರದ ಕಸೂತಿ. ಒಂದು ಸಲ ನೀರಿಗೆ ಬಿದ್ದದ್ದಕ್ಕೇ ದಾರ ಬಣ್ಣ ಬಿಟ್ಟು, ನವಿಲುಗಳ ಸುತ್ತ ಗಾಯ ಒರೆಸಿದ ಬಟ್ಟೆಯ ಹಾಗೆ ಕಲೆ ಹರಡಿತ್ತು.

ಅಂಗಡಿ ಗೋಕಾಕದ ಪೇಟೆಯಲ್ಲಿದೆ. ಬ್ಲೌಸ್ ಪೀಸು, ಫಾಲು, ಲೈನಿಂಗು, ಗುಂಡಿ, ಹುಕ್ಕು, ದಾರ ಮಾರುವ ಸಣ್ಣ ಮ್ಯಾಚಿಂಗ್ ಸೆಂಟರು. ನಡೆಸುವವರು ಅರವತ್ತು ದಾಟಿದ ಒಬ್ಬ ಹೆಣ್ಣುಮಗಳು. ಊರೆಲ್ಲ ಅವರನ್ನು ಅಕ್ಕಾರು ಅಂತಲೇ ಕರೆಯುತ್ತದೆ. ಆ ಹೊತ್ತಿಗೆ ನಾನು ಕೌಂಟರಿನ ಒಳಗೆ ಸ್ಟೂಲಿನ ಮೇಲೆ ಕೂತು ಅವರು ಕೊಟ್ಟ ಚಹಾ ಕುಡಿಯುತ್ತಿದ್ದೆ. ಸೀರೆ ಎಸೆದವಳು ಮೂಡಲಗಿಯವಳು, ನಮ್ಮ ಕಸೂತಿ ಬಳಗದ ಸದಸ್ಯೆ. ನಾನು ಆ ಬಳಗದ ಕಾರ್ಯದರ್ಶಿ, ಎಲ್ಲರೂ ಗೌರವಕ್ಕೆ ಬಾಯಾರು ಅನ್ನುತ್ತಾರೆ.

"ಎಂಥಾ ದಾರ ಮಾರೀರಿ ಅಕ್ಕಾರ? ಮಗಳ ಸೀರಿ ಇದು. ಒಂದ ಸಲ ಒಗದ್ರ ಹಿಂಗ ಆದ್ರ ಹೆಂಗ?"

ಅಂಗಡಿಯಲ್ಲಿ ಇನ್ನೂ ಮೂರು ಜನ ಗಿರಾಕಿಗಳಿದ್ದರು. ಮೂವರೂ ತಿರುಗಿ ನೋಡಿದರು. ಅಕ್ಕಾರು ಸೀರೆಯನ್ನು ಬಾಗಿಲ ಬೆಳಕಿಗೆ ಒಯ್ದರು. ಚಾಳೀಸು ಕಣ್ಣಿಗೆ ಏರಿಸಿಕೊಂಡು, ಸೆರಗನ್ನು ಹೊರಳಿಸಿ, ಉಗುರಿನಿಂದ ಒಂದು ಎಳೆ ಎಬ್ಬಿಸಿ ನೋಡಿದರು.

"ಇದು ನನ್ನ ಅಂಗಡಿ ದಾರ ಅಲ್ಲವಾ, ತಂಗಿ. ಇಷ್ಟ ಹೊಳಪಿನ ಕೆಂಪ ನಾ ಇಡೂದ ಇಲ್ಲ."

"ಖರೆ, ಫೋನಿನ್ಯಾಗ ತರಿಸಿದ್ನಿ," ಅಂದಳು ಆಕೆ, ನಾಚಿಕೆ ಅನ್ನುವುದು ಮುಖದ ಹತ್ತಿರವೂ ಸುಳಿಯದೆ. "ಅವ್ರು ವಾಪಸ್ ತಗೊಳಾಂಗಿಲ್ಲ ಅಂತಾರ. ನಿಮ್ಮ ಜಾಹೀರಾತ ನಮ್ಮ ಬಳಗದ ಪುಸ್ತಕದಾಗ ಐತಲ್ರಿ, ನೀವ ನಮ್ಮವರ ಆದ್ರಿ. ಏನರ ಮಾಡಿ ಕೊಡ್ರಿ."

ನಾನಾಗಿದ್ದರೆ ಸೀರೆಯನ್ನು ಬೀದಿಗೆ ಹಾಕುತ್ತಿದ್ದೆ. ಅಕ್ಕಾರು ಹಾಗೆ ಮಾಡಲಿಲ್ಲ. ತಣ್ಣೀರಿನಲ್ಲಿ ಉಪ್ಪು ಹಾಕಿ ನೆನೆಸಿಡಬೇಕು, ಬಿಸಿಲಿಗೆ ಹಾಕಬಾರದು, ಕಲೆ ಹೋಗದಿದ್ದರೆ ದಾರವನ್ನೆಲ್ಲ ಬಿಚ್ಚಿ ಒಗೆದು ಮತ್ತೆ ಹಾಕಬೇಕು ಅಂತ ತಾಳ್ಮೆಯಿಂದ ಹೇಳಿಕೊಟ್ಟರು. ಆಕೆ ಎಲ್ಲವನ್ನೂ ಕೇಳಿಸಿಕೊಂಡಳು. ಹೊರಡುವ ಮುಂದೆ ಗೋಡೆಯ ದಾರದ ಕಪಾಟಿನ ಕಡೆ ಫೋನು ಎತ್ತಿ, ಒಂದು ಕೆಂಪು ದಾರದ ಲಡಿಯ ಚೀಟಿಯ ಮೇಲಿನ ಬಣ್ಣದ ನಂಬರಿನ ಫೋಟೋ ಹೊಡೆದುಕೊಂಡಳು. ಕೊಳ್ಳಲಿಲ್ಲ. ಫೋಟೋ ಹೊಡೆದುಕೊಂಡು ಹೋದಳು.

ಆಮೇಲೆ ಅಕ್ಕಾರು ನನ್ನ ಕಡೆ ತಿರುಗಿದರು. ಅಷ್ಟು ಹೊತ್ತು ಆಕೆಯ ಮೇಲೆ ತೋರಿಸದ ಸಿಟ್ಟು ಈಗ ಅವರ ದನಿಯಲ್ಲಿತ್ತು.

"ದಿನಾ ಹಿಂಗ ಬರ್ತಾರ ಬಾಯಾರ. ಬಣ್ಣ ನೋಡ್ತಾರ, ಬಟ್ಟಿ ಮುಟ್ಟಿ ನೋಡ್ತಾರ, ಫೋಟೋ ಹೊಡಕೊಂಡ ಹೋಗಿ ಫೋನಿನ್ಯಾಗ ತರಿಸ್ತಾರ. ನಾ ಅವ್ರನ್ನ ಅನ್ನೂದಿಲ್ಲ. ಅವ್ರು ನನಗ ಮಾತ ಕೊಟ್ಟಿಲ್ಲ. ನೀವ ಕೊಟ್ಟಿದ್ರಿ."

ನಾನು ಚಹಾದ ಕಪ್ಪು ಕೆಳಗಿಟ್ಟೆ. ಅವರು ಹೇಳಿದ್ದು ಖರೆ.

ಹಿಡಕಲ್ಲಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದ ಮೇಲೆ ನಾನು ಕೊಣ್ಣೂರಿನಲ್ಲಿದ್ದೇನೆ. ಕಚೇರಿಯ ಊಟದ ಬಿಡುವಿನಲ್ಲಿ ಕಲಿತ ಕಸೂತಿ ಕೈ ಬಿಟ್ಟಿರಲಿಲ್ಲ. ಏಳು ಮಂದಿ ಸೇರಿ ಶುರು ಮಾಡಿದ ಬಳಗ ನೋಡನೋಡುತ್ತ ನಲವತ್ತಕ್ಕೆ ಬಂತು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯವರಿದ್ದರಿಂದ ಘಟಪ್ರಭಾದ ಶಾಲೆಯೊಂದರ ಕೋಣೆಯಲ್ಲಿ ತಿಂಗಳ ಮೊದಲ ಭಾನುವಾರ ಸೇರುತ್ತಿದ್ದೆವು. ಮಾಸ್ತರಿಕೆ ಮಾಡುವವರು, ನರ್ಸುಗಳು, ಮನೆಯಲ್ಲೇ ಇರುವವರು, ಕಬ್ಬಿನ ಹೊಲವಿದ್ದವರು, ಎಲ್ಲ ಥರದವರೂ ಇದ್ದರು. ಒಳ್ಳೆಯ ಭಾನುವಾರಗಳು ಅವು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಯಾಕೆ ಇಷ್ಟು ದೊಡ್ಡದಾಯಿತು ಅನ್ನುವುದು ತಿಳಿಯುವುದಿಲ್ಲ.

ವರ್ಷಕ್ಕೊಮ್ಮೆ ಒಂದು ಪುಸ್ತಕ ಮಾಡೋಣ ಅಂದವಳು ನಾನೇ. ಹಳೆಯ ಸೀರೆಗಳ ಚಿತ್ತಾರಗಳನ್ನು ಚೌಕಳಿ ಕಾಗದದ ಮೇಲೆ ಬಿಡಿಸಿ ಅಚ್ಚು ಹಾಕಿಸುವುದು. ಅಚ್ಚಿನ ಖರ್ಚಿಗೆ ಜಾಹೀರಾತು ಬೇಕಿತ್ತು. ಹಾಗಾಗಿ ಅಕ್ಕಾರ ಅಂಗಡಿಯ ಮೆಟ್ಟಿಲು ಹತ್ತಿದ್ದೆ.

"ನನ್ನ ಅಂಗಡಿ ಎಲ್ಲಿ ಐತಿ ಅಂತ ಗೋಕಾಕಿಗೆಲ್ಲ ಗೊತ್ತೈತಿ. ನನಗ್ಯಾಕ್ರಿ ಜಾಹೀರಾತ?" ಅಂದಿದ್ದರು.

"ಮೂಡಲಗಿಯವ್ರಿಗೆ, ಹುಕ್ಕೇರಿಯವ್ರಿಗೆ ಗೊತ್ತಿಲ್ಲಲ್ರಿ. ನಲವತ್ತ ಮಂದಿ ಅದೇವಿ ನಾವು. ದಾರ, ಬಟ್ಟಿ, ಸೂಜಿ ಎಲ್ಲಾ ನಿಮ್ಮಲ್ಲೇ ತಗೋತೇವಿ. ನಾ ಮಾತ ಕೊಡ್ತೇನಿ," ಅಂದಿದ್ದೆ.

ಆ ಮಾತು ನಂಬಿ ಅವರು ಕೊನೆಯ ಪುಟವನ್ನು ಪೂರ್ತಿ ತೆಗೆದುಕೊಂಡರು. ಅಷ್ಟಕ್ಕೇ ನಿಲ್ಲಲಿಲ್ಲ. ಬೆಳಗಾವಿಗೆ ತಾವೇ ಹೋಗಿ, ಎಳೆ ಎಣಿಸಲು ಬರುವಂಥ ಮ್ಯಾಟಿ ಬಟ್ಟೆಯ ಎರಡು ದೊಡ್ಡ ಸುರುಳಿ ತಂದರು. ಮೊದಲು ಬಿಳಿ, ಕರಿ, ಕೆಂಪು ಅಷ್ಟೇ ಇದ್ದ ಲಡಿಗಳ ಜಾಗದಲ್ಲಿ ಒಂದು ಗೋಡೆಯ ತುಂಬ ಬಣ್ಣ ಜೋಡಿಸಿದರು. ಮೂಲೆಯಲ್ಲಿ ಒಂದು ಮೇಜು ಹಾಕಿ, "ನಿಮ್ಮವರು ಬಂದ್ರ ಕುಂತ ಆರಿಸ್ಲಿ," ಅಂದರು.

ನಾನು ಬಳಗದಲ್ಲಿ ಏನು ಮಾಡಿದೆ? ಒಂದು ಭಾನುವಾರ ಎದ್ದು ನಿಂತು, ನಮಗೆ ಜಾಹೀರಾತು ಕೊಟ್ಟವರಿಗೆ ನಾವು ಒತ್ತಾಸೆಯಾಗಿ ನಿಲ್ಲಬೇಕು ಅಂತ ಎರಡು ಮಾತು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಸೀರೆಯ ಪ್ರಸಂಗದ ನಂತರದ ಮೊದಲ ಭಾನುವಾರ ಘಟಪ್ರಭಾಕ್ಕೆ ಹೋಗುವಾಗ ಬಸ್ಸಿನಲ್ಲಿ ಕೂತೇ ನಾನು ಮನಸ್ಸಿನಲ್ಲಿ ಜಗಳ ಆಡಿ ಮುಗಿಸಿದ್ದೆ. ಕೋಣೆಗೆ ಹೋದವಳೇ, ಎಲ್ಲರೂ ತಮ್ಮ ಚೀಲದ ದಾರವನ್ನು ಬೆಂಚಿನ ಮೇಲೆ ಹಾಕಬೇಕು ಅಂದೆ. ಏನೋ ಹೊಸ ಆಟ ಅಂದುಕೊಂಡು ನಗುನಗುತ್ತ ಹಾಕಿದರು. ಪ್ಲಾಸ್ಟಿಕ್ ಪೊಟ್ಟಣಗಳು, ಪಾರ್ಸೆಲಿನ ಅಂಟುಪಟ್ಟಿ ಇನ್ನೂ ಬಿಡದ ಡಬ್ಬಿಗಳು. ಅಕ್ಕಾರ ಅಂಗಡಿಯ ಕಾಗದದ ಚೀಟಿ ಇದ್ದ ಲಡಿ ಎಲ್ಲೋ ಐದಾರು ಮಂದಿಯ ಹತ್ತಿರ ಸಿಕ್ಕವು.

"ಇದರಾಗ ಅಕ್ಕಾರ ಅಂಗಡಿದು ಎಷ್ಟೈತಿ, ನೀವ ನೋಡ್ರಿ," ಅಂದೆ.

ನಗು ನಿಂತಿತು. ಮೊದಲು ಮಾತಾಡಿದವರು ಹೆಡ್‌ಮಾಸ್ತರಾಗಿ ನಿವೃತ್ತರಾದ ಹುಕ್ಕೇರಿಯ ಬಾಯಾರು. "ಏನ್ರಿ ಇದು, ಸಾಲ್ಯಾಗ ಹುಡುಗರ ಪಾಟೀಚೀಲ ತಪಾಸ ಮಾಡಿದಂಗ. ನಾವು ಹವ್ಯಾಸಕ್ಕ ಕೂಡಿದವ್ರು. ಯಾರ ಎಲ್ಲಿ ಕೊಳ್ಳಬೇಕು ಅನ್ನೂದು ಅವರವರ ಇಚ್ಛಾ."

"ಪುಸ್ತಕ ಮಾತ್ರ ಅಕ್ಕಾರ ಖರ್ಚಿನ್ಯಾಗ ಬೇಕಲ್ರಿ ನಿಮಗ," ಅಂದೆ.

"ಹುಕ್ಕೇರಿಂದ ಗೋಕಾಕಕ್ಕ ಒಂದ ಸೂಜಿ ಸಲುವಾಗಿ ಬಸ್ ಹತ್ತಿ ಬರಬೇಕೇನ್ರಿ ನಾ?"

ಆ ಮಾತಿನಲ್ಲಿ ಹುರುಳಿತ್ತು. ಆದರೆ ನನಗೆ ಆ ದಿನ ಹುರುಳಿನ ಮಾತು ಬೇಕಿರಲಿಲ್ಲ. ಒಂದು ಸೂಜಿಗೆ ಬರಬೇಡಿ, ನಾಲ್ಕು ತಿಂಗಳ ದಾರ ಒಟ್ಟಿಗೆ ಬರೆದು ಕೊಡಿ, ಭಾನುವಾರ ನಾನೇ ಹೊತ್ತು ತರುತ್ತೇನೆ ಅಂತ ಹೇಳಬಹುದಿತ್ತು. ಅದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಅಲ್ಲಿ ನಾನು ಬರೀ ಕೂಗಿದೆ. ಅಂಗಡಿಗೆ ಹೋಗಿ ಪುಕ್ಕಟೆ ಪಾಠ ಹೇಳಿಸಿಕೊಳ್ಳುವುದು, ನಂಬರು ಕದ್ದು ಬರುವುದು, ಬೇರೆಯವರ ದಾರ ಬಣ್ಣ ಬಿಟ್ಟರೆ ಅವರ ಕೌಂಟರಿಗೆ ಸೀರೆ ಎಸೆಯುವುದು, ಇದು ಯಾವ ಹವ್ಯಾಸ ಅಂತ ಕೇಳಿದೆ. ಮೂಡಲಗಿಯವಳು ಕುತ್ತಿಗೆ ಬಗ್ಗಿಸಿ ಕೂತಿದ್ದಳು.

ಆಗ ನಮ್ಮ ಅಧ್ಯಕ್ಷರು, ಸದಾ ಸಮಾಧಾನದ ಮಾತಿನ ಹೆಂಗಸು, ಕೈ ಎತ್ತಿದರು. "ಸಿಟ್ಟ ಯಾಕ್ರಿ ಬಾಯಾರ? ಅಕ್ಕಾರು ನಮಗ ಸಹಾಯ ಮಾಡ್ಯಾರ, ಖರೆ. ಹಂಗಾರ ವಾರ್ಷಿಕ ಸಭಾಕ್ಕ ಕರಸಿ ಒಂದ ಶಾಲ್ ಹೊದಿಸಿ ಸನ್ಮಾನ ಮಾಡಿಬಿಡೂಣು."

ನಾಲ್ಕೈದು ಜನ ಹೌದು ಹೌದು ಅಂದರು. ಒಬ್ಬಳು ಆಗಲೇ ಫೋನು ತೆಗೆದು, ಶಾಲು ಎಂತೆಂಥವು ಇವೆ ಅಂತ ಪಕ್ಕದವಳಿಗೆ ತೋರಿಸತೊಡಗಿದಳು. ಅವಳು ಕೆಟ್ಟವಳಲ್ಲ. ತಾನು ಏನು ಮಾಡುತ್ತಿದ್ದೇನೆ ಅನ್ನುವುದು ಅವಳ ತಲೆಗೆ ಬಂದಿರಲಿಲ್ಲ, ಅಷ್ಟೆ. ಕೊಳ್ಳುವವರ ಅಗತ್ಯವಿದ್ದ ಹೆಣ್ಣುಮಗಳಿಗೆ ಹಾರ ಹಾಕಿ, ಫೋಟೋ ತೆಗೆಸಿ, ಮನೆಗೆ ಕಳಿಸುವ ಯೋಚನೆ.

"ಶಾಲ್ ಬ್ಯಾಡ," ಅಂದೆ. "ದಾರ ತಗೋರಿ. ದಾರ ಮಾರವ್ರಿಗೆ ಶಾಲ್ ಏನ ಮಾಡೂದೈತಿ?"

ಅಷ್ಟರಲ್ಲಿ ಮೂಡಲಗಿಯವಳು ತಲೆಯೆತ್ತಿದಳು. ಆಕೆಯ ದನಿ ಸಣ್ಣಗಿತ್ತು. "ಬಾಯಾರ, ನೀವು ಎಲ್ಲಾರ ಚೀಲಾ ನೋಡಿದ್ರಿ. ನಿಮ್ಮ ಕತ್ತರಿ ಎಲ್ಲಿಂದ ಬಂತ್ರಿ?"

ನನ್ನ ಕೈಯಲ್ಲಿ ಕೊಕ್ಕರೆಯ ಆಕಾರದ ಬಂಗಾರ ಬಣ್ಣದ ಸಣ್ಣ ಕತ್ತರಿ ಇತ್ತು. ಎಲ್ಲರೂ ಮೆಚ್ಚಿಕೊಂಡಿದ್ದ ಕತ್ತರಿ. ಮಗ ಫೋನಿನಲ್ಲಿ ತರಿಸಿ ಕೊಟ್ಟದ್ದು. ಮಗನಿಗೆ ಬೇಡ ಅನ್ನಲಿಲ್ಲ; ಅನ್ನಬೇಕು ಅಂತ ನೆನಪೇ ಆಗಿರಲಿಲ್ಲ. ಅಕ್ಕಾರ ಕೌಂಟರಿನ ಗಾಜಿನ ಕೆಳಗೆ ಕತ್ತರಿಗಳ ಸಾಲೇ ಇದೆ, ಎಷ್ಟೋ ಸಲ ಅದರ ಮೇಲೆ ಮೊಣಕೈ ಊರಿ ಹರಟೆ ಹೊಡೆದಿದ್ದೇನೆ.

"ಫೋನಿಂದ," ಅಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಆವತ್ತು ಬೇಗ ಎದ್ದು ಬಂದೆ. ಬಸ್ಸಿನಲ್ಲಿ ಸಿಟ್ಟು ಇಳಿಯಲಿಲ್ಲ. ಅವರ ಮೇಲಿದ್ದದ್ದು ಹಾಗೇ ಇತ್ತು, ನನ್ನ ಮೇಲಿನದೂ ಅದರ ಜೊತೆ ಸೇರಿತ್ತು.

ಮರುದಿನ ಅಕ್ಕಾರ ಹತ್ತಿರ ಹೋಗಿ, ಈ ವರ್ಷ ನಮ್ಮ ಪುಸ್ತಕಕ್ಕೆ ಜಾಹೀರಾತು ಕೊಡಬೇಡಿ ಅಂದೆ. ಕತ್ತರಿಯ ವಿಷಯವನ್ನೂ ಹೇಳಿದೆ. ಅವರು ಲೈನಿಂಗ್ ಬಟ್ಟೆ ಅಳೆಯುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಕೊಡಾಂಗಿಲ್ಲ ಅಂತ ನಾ ಯಾವಾಗೋ ಮಾಡೇನಿ," ಅಂದರು. "ಆದ್ರ ಬಾಯಾರ, ಈ ಮಾತ ನೀವು ಆರ ತಿಂಗಳ ಹಿಂದ ಹೇಳಬೇಕಿತ್ತು. ನಿಮಗ ಗೊತ್ತಿತ್ತು. ವಾರಕ್ಕೊಮ್ಮಿ ಇಲ್ಲೇ ಕುಂತ ಚಹಾ ಕುಡೀತಿದ್ರಿ. ಆ ಮೇಜಿನ ಮುಂದ ಯಾರೂ ಕುಂದ್ರೂದಿಲ್ಲ ಅನ್ನೂದು ನಿಮಗ ಕಾಣತಿದ್ದಿಲ್ಲೇನು?"

ಕಾಣುತ್ತಿತ್ತು. ಪ್ರತಿ ವಾರ ಕಾಣುತ್ತಿತ್ತು. ಮುಂದಿನ ತಿಂಗಳು ಬರುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡು ಚಹಾ ಕುಡಿದಿದ್ದೆ.

ಆಮೇಲಿನದು ದೊಡ್ಡ ಕತೆಯಲ್ಲ. ಮ್ಯಾಟಿ ಬಟ್ಟೆಯ ಎರಡೂ ಸುರುಳಿಗಳನ್ನು ಅಕ್ಕಾರು ಖಾನಾವಳಿಗಳಿಗೆ ಮೇಜಿನ ಹಾಸು ಹೊಲಿದುಕೊಡುವ ಒಬ್ಬ ದರ್ಜಿಗೆ ಸಿಕ್ಕಷ್ಟಕ್ಕೆ ಕೊಟ್ಟುಬಿಟ್ಟರು. ಬಣ್ಣದ ದಾರದ ಗೋಡೆಯಲ್ಲಿ ಅರ್ಧದಷ್ಟು ಜಾಗಕ್ಕೆ ಈಗ ನೈಟಿಗಳು ಬಂದಿವೆ. ನೈಟಿ ಚೆನ್ನಾಗಿ ಹೋಗುತ್ತವೆಯಂತೆ. ಮೂಲೆಯ ಮೇಜು ಒಳಗೆ ಹೋಗಿದೆ.

ನಾನು ಕಾರ್ಯದರ್ಶಿಯ ಕೆಲಸ ಬಿಟ್ಟೆ, ಬಳಗ ಬಿಡಲಿಲ್ಲ. ಪ್ರತಿ ತಿಂಗಳು ಒಂದು ಚೀಟಿಯಲ್ಲಿ ಯಾರಿಗೆ ಯಾವ ದಾರ ಬೇಕು ಅಂತ ಬರೆದುಕೊಂಡು ಅಕ್ಕಾರ ಅಂಗಡಿಯಿಂದ ಒಯ್ದು ಕೊಡುತ್ತೇನೆ. ನಲವತ್ತರಲ್ಲಿ ಒಂಬತ್ತು ಮಂದಿ ಬರೆಸುತ್ತಾರೆ. ಹುಕ್ಕೇರಿಯ ಬಾಯಾರು ಅದರಲ್ಲಿ ಒಬ್ಬರು, ಮುಖ ಗಂಟು ಹಾಕಿಕೊಂಡೇ ಬರೆಸುತ್ತಾರೆ. ಮೂಡಲಗಿಯವಳು ಎರಡು ತಿಂಗಳು ಕೂತು ಸೆರಗಿನ ದಾರವನ್ನೆಲ್ಲ ಬಿಚ್ಚಿದಳಂತೆ. ಒಂದು ದಿನ ನಾನಿದ್ದಾಗಲೇ ಅಂಗಡಿಗೆ ಬಂದು, ಬಿಚ್ಚಿದ ಸೀರೆ ತೋರಿಸಿ, ಕೆಂಪು ದಾರ ಕೇಳಿದಳು. ಅಕ್ಕಾರು ಲಡಿಯಿಂದ ಒಂದು ಎಳೆ ಕತ್ತರಿಸಿ, ಹಸಿ ಮಾಡಿ, ಬಿಳಿ ಬಟ್ಟೆಗೆ ಉಜ್ಜಿ ತೋರಿಸಿ ಕೊಟ್ಟರು. ಇಬ್ಬರೂ ಹಳೆಯ ಮಾತು ಎತ್ತಲಿಲ್ಲ. ನನಗೆ ಒಂದು ಕ್ಷಮೆಯ ಮಾತಾದರೂ ಬರಲಿ ಅನ್ನಿಸಿತ್ತು. ಬರಲಿಲ್ಲ.

ಕಳೆದ ವಾರ ಅಧ್ಯಕ್ಷರು ಫೋನು ಮಾಡಿದ್ದರು. ಕೊನೆಯ ಪುಟ ಖಾಲಿ ಇದೆ, ಗೋಕಾಕದಲ್ಲಿ ಹೊಸದಾಗಿ ಒಂದು ಕರದಂಟಿನ ಅಂಗಡಿ ತೆಗೆದಿದ್ದಾರೆ, ಯಾರೋ ಗಂಡಹೆಂಡತಿ, ನೀವು ಹೋಗಿ ಮಾತಾಡಿದರೆ ಇಲ್ಲ ಅನ್ನುವುದಿಲ್ಲ ಅಂದರು.

"ನಾ ಹೋಗೂದಿಲ್ರಿ," ಅಂದೆ. "ನೀವ ಹೋಗ್ರಿ. ಆದ್ರ ಹೋಗೂಕಿಂತ ಮುಂಚೆ ನಲವತ್ತ ಮಂದ್ಯಾಗ ಯಾರ್‍ಯಾರು ಅವರ ಕಡೆ ಕೊಳ್ಳತಾರ, ಕೇಳಿ ಬರಕೊಳ್ರಿ. ಅಂಗಡಿಯವ್ರಿಗೆ ಆ ಹೆಸರ ಇದ್ದಷ್ಟ ಹೇಳ್ರಿ. ಒಂದೂ ಹೆಚ್ಚ ಹೇಳಬ್ಯಾಡ್ರಿ."

"ಅಷ್ಟ ಹೇಳಿದ್ರ ಯಾರ ಕೊಡ್ತಾರ್ರಿ ಜಾಹೀರಾತ?" ಅಂದರು ಅವರು.

"ಕೊಡಲಿಲ್ಲಂದ್ರ ಪುಸ್ತಕ ಬ್ಯಾಡ್ರಿ," ಅಂದೆ.

ಅವರು, ನಿಮಗೆ ಇತ್ತೀಚೆಗೆ ಭಾಳ ಸಿಟ್ಟು ಬರುತ್ತದೆ ಅಂತ ಮೆತ್ತಗೆ ಹೇಳಿ ಫೋನು ಇಟ್ಟರು. ಬರುತ್ತದೆ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.