ವೈಪರಿನ ಮೇಲಿನ ಪ್ಲಾಸ್ಟಿಕ್

ಚಿಕ್ಕೋಡಿಯ ಆ ಬಿಡಿಭಾಗದ ಅಂಗಡಿಯವನನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಕಾರಿಗೆ ವೈಪರ್ ಕೇಳಿದ್ದಕ್ಕೆ ಮೂರು ಜೋಡಿ ಮುಂದಿಟ್ಟ. ನಾನು ಎಲ್ಲಕ್ಕಿಂತ ಅಗ್ಗದ್ದನ್ನು ಎತ್ತಿಕೊಂಡದ್ದೇ ತಡ, "ಸ್ವಸ್ತಾದ್ದ ಒಯ್ತೀರಿ? ನಿಮ್ಮ ಖುಷಿರಿ," ಎಂದು ನಕ್ಕ. ಸಿಟ್ಟಿನಿಂದ ಮನೆಗೆ ತಂದು ನಾನೇ ಹಚ್ಚಿದೆ.

ಮರುದಿನ ಕುಡಚಿಯ ದಾರಿಯಲ್ಲಿ ಮಳೆ ಹಿಡಿಯಿತು. ಹೊಸ ವೈಪರ್ ಕರಕರ ಎನ್ನುತ್ತ ಗಾಜಿಗೆ ನೀರು ಬಳಿಯಿತೇ ಹೊರತು ಒರೆಸಲಿಲ್ಲ. ಎದುರಿನ ಕಬ್ಬಿನ ಟ್ರ್ಯಾಕ್ಟರಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ಅಲ್ಲಿಂದಲೇ ಕಾರು ತಿರುಗಿಸಿ ಅಂಗಡಿಗೆ ಹೋದವನೇ ಗಿರಾಕಿಗಳೆದುರು ಕೂಗಾಡಿದೆ. "ಡುಪ್ಲಿಕೇಟ್ ಮಾಲ್ ಕೊಟ್ಟ ಮಂದೀನ ಸಾಯಸ್ತೀ ಏನಲೇ?"

ಅವನು ಹೊರಬಂದು, ವೈಪರಿನ ರಬ್ಬರಿನ ಮೇಲೆ ಹಾಗೇ ಉಳಿದಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಎಳೆದು ನನ್ನ ಕೈಗಿಟ್ಟ. "ಇದನ್ನ ತಗದ ಹಚ್ಚೂದ್ರಿ."

ಆಮೇಲೆ ಕಾರಿನೊಳಗೆ ಇಣುಕಿದ. ಹೊಲಸಾಗುತ್ತದೆಂದು ಐದು ವರ್ಷದಿಂದ ನಮ್ಮ ಮನೆಯವರಾರೂ ತೆಗೆಯದ ಸೀಟಿನ ಪ್ಲಾಸ್ಟಿಕ್ ಅವನಿಗೆ ಕಂಡಿತು.

"ಇವನ್ನೂ ತಗೀಲೇನ್ರಿ?"

ಗಿರಾಕಿಗಳೆಲ್ಲ ನಕ್ಕರು.

ಈಗ ವೈಪರ್ ಬೇಕಾದರೆ ನಿಪ್ಪಾಣಿಗೆ ಹೋಗುತ್ತೇನೆ. ಅಲ್ಲಿ ತುಟ್ಟಿ. ಕಾರನ್ನು ಮಾತ್ರ ಅಲ್ಲಿಯ ಅಂಗಡಿಗೂ ಕಾಣದಷ್ಟು ದೂರ ನಿಲ್ಲಿಸಿ ನಡೆದು ಹೋಗುತ್ತೇನೆ.